ಓಟಿಗೆ ಎರಡರಷ್ಟು ಕೂಲಿ

ಕೇಳುಗರಿಗೆ ನಮಸ್ಕಾರ. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕುಳಿತು ಬಂದು, ಈಗ ಒಲೆ ಹಚ್ಚಿ ರೇಡಿಯೊ ಹಾಕಿಕೊಂಡಿರುವ ಗಾರ್ಮೆಂಟ್ಸ್ ಕೆಲಸದ ಅಕ್ಕತಂಗಿಯರೇ, ಇವತ್ತಿನ ಮಾತು ನಿಮಗಾಗಿ. ಇರುವುದು ಒಂದೇ ಮಾತು. ಓಟಿ, ಅಂದರೆ ಓವರ್‌ಟೈಮ್ ಕೆಲಸ, ಮಾಡಿಸಿಕೊಂಡರೆ ಎರಡರಷ್ಟು ಕೂಲಿ ಕೊಡಬೇಕು. ಮಾಮೂಲಿ ದರವಲ್ಲ, ಒಂದೂವರೆಯಲ್ಲ, ಟೀ ಬನ್ನು ಅಲ್ಲ. ಎರಡರಷ್ಟು.

ಊಟದ ಬಿಡುವು ಬಿಟ್ಟು ವಾರಕ್ಕೆ 48 ಗಂಟೆ. ಅದರಾಚೆ ದುಡಿದದ್ದೆಲ್ಲ ಓಟಿ. 1948ರ ಕಾರ್ಖಾನೆಗಳ ಕಾಯ್ದೆ ಹೇಳಿದ್ದೂ ಎರಡರಷ್ಟು, 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಹೇಳುವುದೂ ಎರಡರಷ್ಟು. ಕಾನೂನು ಬದಲಾಗಿ ಓಟಿ ಹೋಯಿತು ಎಂದು ಯಾರೇ ಹೇಳಲಿ, ನಂಬಬೇಡಿ.

ಲೆಕ್ಕ ಹಾಕೋಣ. ಸಂಬಳ 13,000 ರೂಪಾಯಿ ಎಂದಿಟ್ಟುಕೊಳ್ಳಿ. 26 ದಿನ, ದಿನಕ್ಕೆ 8 ಗಂಟೆ ಎಂದರೆ ಗಂಟೆಗೆ 62 ರೂಪಾಯಿ 50 ಪೈಸೆ. ಓಟಿಗೆ 125. ದಿನವೂ ಒಂದೇ ಒಂದು ಗಂಟೆ ಹೆಚ್ಚು ನಿಂತರೂ ತಿಂಗಳಿಗೆ 3,250 ರೂಪಾಯಿ!

ಕೆಲವು ವರ್ಷಗಳ ಹಿಂದೆ ಮದ್ದೂರು ಕಡೆಯ ಹೆಣ್ಣುಮಗಳೊಬ್ಬಳು ನನ್ನ ಬಳಿ ಬಂದಿದ್ದಳು. ಕಾರ್ಖಾನೆಯಲ್ಲಿ ಐದೂವರೆಗೆ ಕೆಲಸ ಮುಗಿಸಿ ಹೊರಟಂತೆ ಎಲ್ಲರಿಂದಲೂ ಪಂಚಿಂಗ್ ಮಾಡಿಸಿ, ಮತ್ತೆ ಯಂತ್ರದ ಮುಂದೆ ಕೂರಿಸುತ್ತಿದ್ದರು. ಕೇಳಿದರೆ, "ಟಾರ್ಗೆಟ್ ಮುಗಿಸದೇ ಇದ್ದದ್ದು ನಿನ್ನ ತಪ್ಪು, ಅದಕ್ಕೆಂಥ ಓಟಿ?" ಎನ್ನುತ್ತಿದ್ದರು. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಕಾನೂನು ಎಣಿಸುವುದು ಗಂಟೆಯನ್ನು, ಪೀಸುಗಳನ್ನಲ್ಲ. "ದಾಖಲೆ ಏನಿದೆಯಮ್ಮ?" ಎಂದೆ. ಮರುದಿನ ಅವಳು ಗೋಡೆಯ ಕ್ಯಾಲೆಂಡರನ್ನೇ ಸುರುಳಿ ಸುತ್ತಿಕೊಂಡು ತಂದಳು. ತಾರೀಕಿನ ಒಂದು ಮೂಲೆಯಲ್ಲಿ ಹಾಲಿನ ಲೆಕ್ಕ, ಇನ್ನೊಂದು ಮೂಲೆಯಲ್ಲಿ ತಾನು ಗೇಟು ದಾಟಿದ ಹೊತ್ತು. ಆರೂವರೆ, ಆರೂ ಮುಕ್ಕಾಲು, ಏಳು. ಹೀಗೆ ಹದಿನಾಲ್ಕು ತಿಂಗಳು! ಕಾರ್ಮಿಕ ಇಲಾಖೆಯಲ್ಲಿ ವಿಚಾರಣೆಯ ದಿನ ಕಂಪನಿಯವರು ಪಂಚಿಂಗ್ ಪಟ್ಟಿ ಮುಂದಿಟ್ಟರು. ಇವಳು ಕ್ಯಾಲೆಂಡರ್ ಬಿಡಿಸಿದಳು. ಜೊತೆಗೆ ಮೊಬೈಲು ತೆಗೆದು, "ಇವತ್ತು 80 ಪೀಸ್ ಬಾಕಿ, ಯಾರೂ ಏಳಬಾರದು" ಎಂದು ಸೂಪರ್‌ವೈಸರ್ ಸಂಜೆ ಆರಕ್ಕೆ ಕಳುಹಿಸಿದ್ದ ಸಂದೇಶ ತೋರಿಸಿದಳು. ಅಧಿಕಾರಿ ಅದನ್ನು ಎರಡು ಸಲ ಓದಿದರು. ಬಾಕಿ ಬಂತು, ಎರಡರಷ್ಟು ದರದಲ್ಲೇ ಬಂತು. ಅವಳ ಸಾಲಿನಲ್ಲಿ ಕೂರುತ್ತಿದ್ದ ಉಳಿದವರು ಏನನ್ನೂ ಬರೆದಿಟ್ಟಿರಲಿಲ್ಲ. ಅವರ ಅರ್ಜಿ ಇನ್ನೂ ಎಷ್ಟೋ ಕಾಲ ಎಳೆಯಿತು.

ಸಮಯ ಮುಗಿಯುತ್ತಿದೆಯೆಂದು ಸನ್ನೆ ಮಾಡುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ. ಬಾಕಿ ಕೇಳಲು ಈ ಹೊಸ ಸಂಹಿತೆಗಳಲ್ಲೊಂದಾದ ವೇತನ ಸಂಹಿತೆಯಲ್ಲಿ ಮೂರು ವರ್ಷ ಅವಕಾಶವಿದೆ. ಹಣ ಕೊಟ್ಟಿದ್ದೇವೆ ಎಂದು ಸಾಬೀತು ಮಾಡುವ ಹೊಣೆ ಮಾಲೀಕರದು, ನಿಮ್ಮದಲ್ಲ. ಒಬ್ಬರೇ ಹೋಗಲು ಭಯವಾದರೆ ನಿಮ್ಮ ಪರವಾಗಿ ಕಾರ್ಮಿಕ ಸಂಘವೂ ಅರ್ಜಿ ಹಾಕಬಹುದು. ಬೆಂಗಳೂರಿನವರು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ, ಉಳಿದವರು ನಿಮ್ಮ ಊರಿನ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ಅರ್ಜಿಯಲ್ಲಿ ಎರಡರಷ್ಟು ಎಂದೇ ಬರೆಸಿ. ಇವತ್ತು ನೀವು ಗೇಟು ದಾಟಿದ್ದು ಎಷ್ಟು ಹೊತ್ತಿಗೆ? ಕ್ಯಾಲೆಂಡರಿನಲ್ಲಿ ಈಗಲೇ ಬರೆದಿಡಿ, ಒಲೆಯ ಮೇಲಿನ ಸಾರು ಕುದಿಯುವುದರೊಳಗೆ. ನಮಸ್ಕಾರ.