ಮೊದಲು ಊಹೆ, ಆಮೇಲೆ ಸ್ಲೈಡರ್

ಮುಂಬಯಿಯ ಕನ್ನಡ ಮಾಧ್ಯಮ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸುತ್ತಿರುವ ಶಿಕ್ಷಕ ಬಂಧುಗಳಿಗೂ, ಮನೆಯಲ್ಲಿ ಕುಳಿತು ಕೇಳುತ್ತಿರುವ ಪಾಲಕರಿಗೂ ನಮಸ್ಕಾರ. ಪರದೆಯ ಮೇಲಿನ ಚಿತ್ರವನ್ನು ಮಕ್ಕಳೇ ಬದಲಿಸಿ ನೋಡುತ್ತ ಕಲಿಯುವ ಇಂಟರ್‌ಆಕ್ಟಿವ್ ವರ್ಕ್‌ಶೀಟ್‌ಗಳ ಕುರಿತು ನಾನು ಹೇಳಬೇಕಾದದ್ದು ಒಂದೇ ಮಾತು: ವಿದ್ಯಾರ್ಥಿಯು ತನ್ನ ಊಹೆಯನ್ನು ಬರೆದಿಡುವ ತನಕ ಪರದೆಯ ಮೇಲಿನ ಸ್ಲೈಡರನ್ನು, ಅಂದರೆ ಎಳೆದು ಬೆಲೆ ಬದಲಿಸುವ ಗುಂಡಿಯನ್ನು, ಯಾರೂ ಮುಟ್ಟಕೂಡದು.

ಆಸ್ಟ್ರಿಯದ ಸಾಲ್ಜ್‌ಬರ್ಗ್‌ನಲ್ಲಿ 2001ರಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಅವರು ಆರಂಭಿಸಿದ, ಇಂಥ ವರ್ಕ್‌ಶೀಟ್‌ಗಳನ್ನು ಮಾಡಬಲ್ಲ ಜಿಯೊಜೀಬ್ರಾ ಎಂಬ ಗಣಿತ ತಂತ್ರಾಂಶ ಇಂದು ನಿಮ್ಮ ಮೊಬೈಲಿನಲ್ಲೂ ಉಚಿತವಾಗಿ ಸಿಗುತ್ತದೆ. ಸಲಕರಣೆಯ ಮಾತು ಇಷ್ಟು ಸಾಕು.

ಘಾಟ್ಕೋಪರಿನ ಹತ್ತನೆಯ ತರಗತಿಯೊಂದರಲ್ಲಿ ನಡೆದುದನ್ನು ಹೇಳುತ್ತೇನೆ. ಎಕ್ಸ್ ವರ್ಗ, ಕೂಡಿಸು ಬಿ ಎಕ್ಸ್, ಕೂಡಿಸು 4 ಎಂದು ಹಲಗೆಯ ಮೇಲೆ ಬರೆದು, ಬಿ ಬೆಲೆಯನ್ನು ಬದಲಿಸಿದರೆ ಅದರ ನಕ್ಷೆಯಾದ ಪರವಲಯವು, ಅಂದರೆ ಬಟ್ಟಲಿನಾಕಾರದ ಆ ವಕ್ರರೇಖೆಯು, ಎತ್ತ ಸರಿಯುತ್ತದೆ ಎಂದು ಕೇಳಿದೆ. ನೇರವಾಗಿ ಎಡಕ್ಕೋ ಬಲಕ್ಕೋ ಸರಿಯುತ್ತದೆಂದು ಹೆಚ್ಚಿನವರು ಬರೆದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಎದ್ದು ನಿಂತು, "ಸರ್, ಎಕ್ಸ್ ಸೊನ್ನೆಯಾದರೆ ಬಿ ಏನೇ ಇದ್ದರೂ ಉತ್ತರ ನಾಲ್ಕೇ ಅಲ್ಲವೇ? ಅಂದ ಮೇಲೆ ಆ ಬಿಂದುವನ್ನು ಬಿಟ್ಟು ಅದು ಹೇಗೆ ಸರಿದೀತು?" ಎಂದಳು. ತರಗತಿಯಲ್ಲಿ ವಾದ ಎದ್ದಿತು. ಆಮೇಲೆಯೇ ಸ್ಲೈಡರನ್ನು ಎಳೆಸಿದೆ. ಪರವಲಯವು ಆ ಬಿಂದುವನ್ನು ಬಿಡಲಿಲ್ಲ. ಅದರ ಕೆಳತುದಿಯು ಹೋದಲ್ಲೆಲ್ಲ ಚುಕ್ಕಿಯಿಟ್ಟು, ಕೊನೆಗೆ ತಲೆಕೆಳಗಾದ ಇನ್ನೊಂದು ಪರವಲಯವನ್ನೇ ಬರೆಯಿತು! ಬಿ ಬೆಲೆ 5 ಇದ್ದಾಗ ಎಕ್ಸ್ ಅಕ್ಷವನ್ನು ಎರಡು ಕಡೆ ಕತ್ತರಿಸುತ್ತಿದ್ದ ರೇಖೆ, 4 ಆದಾಗ ಒಂದೇ ಬಿಂದುವಿನಲ್ಲಿ ತಾಗಿತು, 3 ಆದಾಗ ಅಕ್ಷವನ್ನು ಬಿಟ್ಟು ಮೇಲೆದ್ದಿತು. ಶೋಧಕವು (ಇಲ್ಲಿ ಬಿ ವರ್ಗ ಕಳೆ 16) ಸೊನ್ನೆಯಾದರೆ ಮೂಲಗಳು, ಅಂದರೆ ಸಮೀಕರಣದ ಎರಡು ಉತ್ತರಗಳು, ಸಮ ಎಂದು ಉರುಹೊಡೆದಿದ್ದ ಮಕ್ಕಳು ಅದನ್ನು ಕಣ್ಣಾರೆ ಕಂಡರು. ಕೆಳತುದಿಯ ಎಕ್ಸ್ ಬೆಲೆ ಬಿ ಬೆಲೆಯ ಅರ್ಧದ ಋಣವೆಂದು ಕಂಡುಕೊಂಡು, ಆ ಹೊಸ ಪರವಲಯದ ಸಮೀಕರಣ 4 ಕಳೆ ಎಕ್ಸ್ ವರ್ಗವೆಂದು ಆ ಹುಡುಗಿಯೇ ಹಲಗೆಯ ಮೇಲೆ ಸಾಧಿಸಿದಳು.

ಊಹೆ ಬರೆಸದೆ ಚಿತ್ರವನ್ನು ಕುಣಿಸಿ, "ನೋಡಿದಿರಲ್ಲ, ಇನ್ನು ಬರೆದುಕೊಳ್ಳಿ" ಎನ್ನುವವರೂ ಇದ್ದಾರೆ. ದಯವಿಟ್ಟು ಕ್ಷಮಿಸಬೇಕು, ಅದನ್ನು ವರ್ಕ್‌ಶೀಟ್ ಎಂದು ಕರೆಯಬೇಡಿ. ಎಸ್‌ಎಸ್‌ಸಿ ಪಾಠಗಳೇ ಮುಗಿಯುವುದಿಲ್ಲ, ಇದಕ್ಕೆಲ್ಲ ಸಮಯವೆಲ್ಲಿ ಎಂಬ ಆಕ್ಷೇಪವನ್ನೂ ಬಲ್ಲೆ; ಊಹೆ ಬರೆಯಲು ಎರಡು ನಿಮಿಷ ಸಾಕು.

ನಾಳೆ ಅರ್ಧವೃತ್ತದೊಳಗಿನ ಕೋನದಿಂದ ಆರಂಭಿಸಿ. ಪರಿಧಿಯ ಮೇಲಿನ ಬಿಂದುವನ್ನು ಎಳೆಯುವ ಮೊದಲು, ಕೋನವು ಹೆಚ್ಚೀತೋ ಕಡಿಮೆಯಾದೀತೋ ಹಾಗೆಯೇ ಉಳಿದೀತೋ ಎಂದು ಪ್ರತಿಯೊಬ್ಬರಿಂದಲೂ ಬರೆಸಿ. ಪೆನ್ನಿನಲ್ಲೇ ಬರೆಸಿ, ಪೆನ್ಸಿಲ್ ಕೊಟ್ಟರೆ ಅಳಿಸಿಬಿಡುತ್ತಾರೆ. ನಮಸ್ಕಾರ.