ಐದು ಕಲ್ಲು ಕೂಡಿದರೆ ಒಂದು ಗುಂಪು

ಪುಣೆಯ ಕನ್ನಡ ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ಆಕಾಶದಿಂದ ಬಿದ್ದ ಕಲ್ಲುಗಳ ಬಗ್ಗೆ ಮಾತಾಡೋಣ. ಅದರಲ್ಲೂ ಕಾರ್ಬನೇಸಿಯಸ್ ಕಾಂಡ್ರೈಟ್ ಅನ್ನುವ ಇಂಗಾಲದ ಉಲ್ಕಾಶಿಲೆಗಳ ಬಗ್ಗೆ. ಇವುಗಳಲ್ಲಿ ಯಾವುದು ಯಾವ ಗುಂಪಿನದು ಅಂತ ಹೇಗೆ ಗೊತ್ತಾಗುತ್ತದೆ? ಯಾವ ಗುಂಪಿಗೂ ಸೇರದ ಕಲ್ಲು ಸಿಕ್ಕರೆ ಏನು ಮಾಡುತ್ತಾರೆ? ನನಗೆ ತುಂಬಾ ಇಷ್ಟವಾದ ಪ್ರಶ್ನೆಗಳಿವು.

ಪುಣೆಯಲ್ಲಿ ಕಪ್ಪು ಕಲ್ಲಿಗೆ ಬರ ಇಲ್ಲ. ವೇತಾಳ ಟೇಕಡಿ ಹತ್ತಿದರೆ ಕಾಲಿಗೆ ಸಿಗುವುದೆಲ್ಲ ಅದೇ. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ ಆರಿ ಗಟ್ಟಿಯಾದ ಬಸಾಲ್ಟ್. ಮಕ್ಕಳು ಇಂಥ ಕಲ್ಲು ಹಿಡಿದುಕೊಂಡು ಬಂದು, "ಸರ್, ಇದು ಉಲ್ಕೆ ಅಲ್ವಾ?" ಅಂತ ಕೇಳುವುದುಂಟು. ಮೈತುಂಬ ಗುಳ್ಳೆ ಒಡೆದ ತೂತುಗಳಿದ್ದು, ತೂತಿನೊಳಗೆ ಬಿಳಿ ಹರಳು ಕೂತಿದ್ದರೆ ಅದು ನಮ್ಮ ಸಹ್ಯಾದ್ರಿಯ ಕಲ್ಲೇ. ಬಣ್ಣ ನೋಡಿ ತೀರ್ಮಾನ ಮಾಡುವ ಹಾಗಿಲ್ಲ.

ಹಾಗಾದರೆ ಏನು ನೋಡಬೇಕು? 1969ರ ಫೆಬ್ರವರಿ 8ರಂದು ಮೆಕ್ಸಿಕೋದ ಅಯೆಂದೆ ಎಂಬ ಊರಿನ ಸುತ್ತ ಕಲ್ಲುಗಳ ಮಳೆಯೇ ಸುರಿಯಿತು. ಆರಿಸಿದ ತುಂಡುಗಳೇ ಸುಮಾರು ಎರಡು ಟನ್. ಅದರ ಒಂದು ತುಂಡನ್ನು ಕೊಯ್ದು ಹೊಳಪು ಕೊಟ್ಟರೆ ಕಡು ಬೂದು ಬಣ್ಣದ ಮೈ ಕಾಣುತ್ತದೆ. ಅದರೊಳಗೆ ಸಾಸಿವೆ ಕಾಳಿನಂಥ ದುಂಡು ಕಣಗಳು ಒತ್ತೊತ್ತಾಗಿ ಕೂತಿರುತ್ತವೆ. ಇವೇ ಕಾಂಡ್ರೂಲ್‌ಗಳು. ಒಂದು ಕಾಲಕ್ಕೆ ಬಾಹ್ಯಾಕಾಶದಲ್ಲಿ ಕರಗಿ ತೇಲುತ್ತಿದ್ದ ಹನಿಗಳು. ಅಲ್ಲಲ್ಲಿ ಸೊಟ್ಟಪಟ್ಟ ಬಿಳಿ ಮಚ್ಚೆಗಳೂ ಇರುತ್ತವೆ. ಕೆಲವು ಒಂದು ಸೆಂಟಿಮೀಟರ್‌ಗಿಂತ ದೊಡ್ಡವು. ಕ್ಯಾಲ್ಸಿಯಂ, ಅಲ್ಯೂಮಿನಿಯಂ ಜಾಸ್ತಿ ಇರುವ ಈ ಮಚ್ಚೆಗಳ ವಯಸ್ಸು ಸುಮಾರು 456.7 ಕೋಟಿ ವರ್ಷ. ನಮ್ಮ ಸೌರಮಂಡಲದಲ್ಲಿ ಹುಟ್ಟಿದ್ದರಲ್ಲಿ ಇದಕ್ಕಿಂತ ಹಳೆಯ ಗಟ್ಟಿ ವಸ್ತುವಿನ ವಯಸ್ಸನ್ನು ಇನ್ನೂ ಯಾರೂ ಅಳೆದಿಲ್ಲ.

ಈಗ ಇನ್ನೊಂದು ಕಲ್ಲು. 1864ರ ಮೇ 14ರಂದು ಫ್ರಾನ್ಸಿನ ಓರ್ಗೇಯ್‌ನಲ್ಲಿ ಬಿದ್ದದ್ದು. ಇದರಲ್ಲಿ ಕಾಂಡ್ರೂಲ್ ಹುಡುಕಿದರೂ ಸಿಗುವುದಿಲ್ಲ. ಬರೀ ಜೇಡಿಯಂಥ ಮೆತ್ತನೆ ಖನಿಜ, ಚಾಕುವಿಂದ ಕೊಯ್ಯಬಹುದು. ಆದರೆ ಜಲಜನಕ, ಹೀಲಿಯಂನಂಥ ಹಾರಿಹೋಗುವ ಧಾತುಗಳನ್ನು ಬಿಟ್ಟರೆ ಇದರಲ್ಲಿರುವ ಧಾತುಗಳ ಪ್ರಮಾಣ ಸೂರ್ಯನದಕ್ಕೆ ಹತ್ತಿರತ್ತಿರ ಹೊಂದುತ್ತದೆ. ಈ ಗುಂಪಿನ ಹೆಸರು ಸಿಐ. ಸಿ ಅಂದರೆ ಕಾರ್ಬನೇಸಿಯಸ್, ಐ ಅನ್ನುವುದು ಟಾಂಜಾನಿಯಾದ ಇವೂನಾ ಎಂಬ ಊರಿಂದ ಬಂದ ಅಕ್ಷರ. ಬಹಳ ಅಪರೂಪದ ಗುಂಪು. ಆದರೂ ನಮ್ಮ ರಾಜಸ್ಥಾನದ ಟೋಂಕ್‌ನಲ್ಲಿ 1911ರಲ್ಲಿ ಇಂಥದ್ದೊಂದು ಬಿತ್ತು. ಸಿಕ್ಕಿದ್ದು ಕೆಲವೇ ಗ್ರಾಂ.

ಸಿಎಂ, ಸಿಓ, ಸಿವಿ, ಸಿಕೆ, ಸಿಆರ್ ಗುಂಪುಗಳ ಹೆಸರೂ ಹೀಗೇ ಊರುಗಳಿಂದ ಬಂದವು. 2017ರ ಜೂನ್‌ನಲ್ಲಿ ಜೈಪುರದ ಹತ್ತಿರ ಮುಕುಂದಪುರದಲ್ಲಿ ಬಿದ್ದದ್ದು ಸಿಎಂ. ಅಕ್ಷರದ ಪಕ್ಕದಲ್ಲಿ ಒಂದು ಅಂಕಿಯೂ ಇರುತ್ತದೆ. ಮೂರು ಅಂದರೆ ಹೆಚ್ಚು ಬದಲಾಗದೆ ಉಳಿದದ್ದು. ಎರಡು, ಒಂದು ಅಂದರೆ ನೀರು ಕುಡಿದು ಬದಲಾದದ್ದು. ನಾಲ್ಕರಿಂದ ಮೇಲಕ್ಕೆ ಬಿಸಿಗೆ ಬೆಂದದ್ದು.

ಇಲ್ಲಿ ಒಂದು ಸೋಜಿಗ ಇದೆ. ಓರ್ಗೇಯ್‌ನಲ್ಲಿ ನೂರಕ್ಕೆ ಮೂರು ಪಾಲಿಗಿಂತ ಹೆಚ್ಚು ಇಂಗಾಲ ಇದೆ. ಅಯೆಂದೆಯಲ್ಲಿ ಅರ್ಧ ಪಾಲೂ ಇಲ್ಲ. ಆದರೂ ಎರಡೂ ಒಂದೇ ಕುಲ, ಕಾರ್ಬನೇಸಿಯಸ್ ಕಾಂಡ್ರೈಟ್ ಕುಲ. ಅದನ್ನು ತೀರ್ಮಾನಿಸುವುದರಲ್ಲಿ ಆಮ್ಲಜನಕದ ಪಾತ್ರ ದೊಡ್ಡದು. ಆಮ್ಲಜನಕದಲ್ಲಿ 16, 17, 18 ಅಂತ ಮೂರು ತೂಕದ ಪರಮಾಣುಗಳಿವೆ. ಅವುಗಳ ಪ್ರಮಾಣವನ್ನು ನಕ್ಷೆಯಲ್ಲಿ ಗುರುತು ಮಾಡಿದರೆ ಭೂಮಿಯ ಕಲ್ಲುಗಳೆಲ್ಲ ಒಂದೇ ಗೆರೆಯ ಮೇಲೆ ಬರುತ್ತವೆ. ಅಯೆಂದೆಯ ಬಿಳಿ ಮಚ್ಚೆಗಳು ಬೇರೆಯೇ ಗೆರೆ ಹಿಡಿಯುತ್ತವೆ. ಇದನ್ನು 1973ರಲ್ಲಿ ತೋರಿಸಿಕೊಟ್ಟವರು ಶಿಕಾಗೋದ ರಾಬರ್ಟ್ ಕ್ಲೇಟನ್ ಮತ್ತು ಅವರ ಜೊತೆಗಾರರು. ಆಮೇಲೆ ಕ್ರೋಮಿಯಂ, ಟೈಟಾನಿಯಂ ಲೆಕ್ಕವೂ ಸೇರಿತು. ಈ ಕುಲದ ಕಲ್ಲುಗಳು ಸೂರ್ಯನಿಂದ ದೂರದಲ್ಲಿ, ಬಹುಶಃ ಗುರುಗ್ರಹದ ಆಚೆ ಹುಟ್ಟಿದವು ಅನ್ನುವ ವಾದಕ್ಕೆ ಬಲ ಬಂದದ್ದು ಆ ಲೆಕ್ಕದಿಂದ.

ಕುಲ ಒಂದೇ ಆದರೂ ರೂಪ ಎಷ್ಟು ಬೇರೆ ಇರಬಹುದು ನೋಡಿ. 1984ರಲ್ಲಿ ನೈಜೀರಿಯಾದಲ್ಲಿ ಬಿದ್ದ ಗುಜ್ಬಾ ಸಿಬಿ ಗುಂಪಿನದು. ಕೊಯ್ದರೆ ಲೋಹದ ಗುಂಡುಗಳು ಫಳಫಳ ಹೊಳೆಯುತ್ತವೆ. ಎರಡು ದೊಡ್ಡ ಕಾಯಗಳು ಡಿಕ್ಕಿ ಹೊಡೆದಾಗ ಎದ್ದ ಆವಿ ತಣಿದು ಇದು ಹುಟ್ಟಿತು ಅನ್ನುತ್ತಾರೆ. ಇದಕ್ಕೆ ಪೂರ್ತಿ ವಿರುದ್ಧ, 2000ದ ಜನವರಿ 18ರಂದು ಕೆನಡಾದ ಟ್ಯಾಗಿಶ್ ಲೇಕ್ ಮೇಲೆ ಬಿದ್ದ ಕಲ್ಲು. ಇದ್ದಿಲಿನಷ್ಟು ಕಪ್ಪು, ಬಹಳ ಹಗುರ, ಮುಟ್ಟಿದರೆ ಪುಡಿ. ಕೆರೆ ಹೆಪ್ಪುಗಟ್ಟಿತ್ತು. ಅಲ್ಲಿನ ನಿವಾಸಿಯೊಬ್ಬರು ಬರಿಗೈ ತಾಗಿಸದೆ ತುಂಡುಗಳನ್ನು ಆರಿಸಿ ಫ್ರೀಜರ್‌ನಲ್ಲಿಟ್ಟರು. ಆ ಜಾಣತನವನ್ನು ಎಷ್ಟು ಹೊಗಳಿದರೂ ಸಾಲದು.

ಟ್ಯಾಗಿಶ್ ಲೇಕ್ ಸಿಐಗೂ ಸೇರಲಿಲ್ಲ, ಸಿಎಂಗೂ ಸೇರಲಿಲ್ಲ. ಅದನ್ನು ಗುಂಪಿಲ್ಲದ ಕಲ್ಲು ಅಂತಲೇ ದಾಖಲೆ ಮಾಡಿದರು. ಇದು ನನಗೆ ತುಂಬಾ ಮೆಚ್ಚುಗೆಯಾದ ಪದ್ಧತಿ. ಕನಿಷ್ಠ ಐದು ಕಲ್ಲುಗಳು ಒಂದಕ್ಕೊಂದು ಹೊಂದಿದರೆ ಮಾತ್ರ ಹೊಸ ಗುಂಪು. ಅಲ್ಲಿವರೆಗೆ ಕಾಯಬೇಕು. ಅಮೆರಿಕದ ಕ್ಯಾನ್ಸಸ್‌ನಲ್ಲಿ 1937ರಲ್ಲಿ ಕೂಲಿಜ್ ಅನ್ನುವ ಕಲ್ಲು ಸಿಕ್ಕಿತು. ಎಷ್ಟೋ ಕಾಲದ ಮೇಲೆ ಆಸ್ಟ್ರೇಲಿಯಾದ ಲೂಂಗಾನಾ ಜೊತೆ ಅದು ಹೊಂದುತ್ತದೆ ಅಂತ ಗೊತ್ತಾಯಿತು. ಎರಡೇ ಆದವಲ್ಲ, ಸಾಲಲಿಲ್ಲ. ಮರುಭೂಮಿಗಳಿಂದ ಇನ್ನಷ್ಟು ಸಿಕ್ಕಿ, 2021ರಲ್ಲಿ ಸಿಎಲ್ ಅನ್ನುವ ಗುಂಪನ್ನು ಪ್ರಸ್ತಾಪಿಸಿದರು. ಅವಸರದಲ್ಲಿ ಕೂಲಿಜ್‌ನನ್ನು ಸಿವಿಗೆ ತುರುಕಿ ಸುಮ್ಮನಾಗಿದ್ದರೆ, ಅದು ಬೇರೊಂದು ಕಾಯದ ಚೂರು ಅನ್ನುವ ಸುಳಿವೇ ಕಳೆದುಹೋಗುತ್ತಿತ್ತು.

ಹೋಲಿಕೆ ಸರಿಯಾಗಬೇಕಾದರೆ ಕಲ್ಲು ಕೆಡದೆ ಉಳಿಯಬೇಕು. ಓರ್ಗೇಯ್‌ನೊಳಗೆ ಬಿಳಿ ಸಲ್ಫೇಟ್ ಎಳೆಗಳಿವೆ. ಆಕಾಶದಲ್ಲಿದ್ದಾಗಲೇ ನೀರು ಹರಿದ ಗುರುತು ಅಂತ ಬಹಳ ಕಾಲ ನಂಬಿದ್ದರು. ಭೂಮಿಗೆ ಬಂದ ಮೇಲೆ, ಮ್ಯೂಸಿಯಂನ ತೇವದ ಗಾಳಿಯಲ್ಲೇ ಅವು ಮೂಡಿರಬೇಕು ಅಂತ 2001ರಲ್ಲಿ ಸಂಶೋಧಕರು ವಾದಿಸಿದರು. ಫ್ರಾನ್ಸಿನಲ್ಲೇ ಹೀಗಾದರೆ, ನಮ್ಮ ಪುಣೆಯ ಜುಲೈ ತಿಂಗಳ ಗಾಳಿಯಲ್ಲಿ ಏನಾದೀತು ಯೋಚಿಸಿ.

ಅದಕ್ಕೇ ಒಂದು ವಿನಂತಿ. ನಿಮ್ಮ ಅಂಗಳದಲ್ಲೋ, ಊರಿನ ಹೊಲದಲ್ಲೋ ಆಕಾಶದಿಂದ ಕಲ್ಲು ಬಿದ್ದರೆ ತೊಳೆಯಬೇಡಿ. ಅಯಸ್ಕಾಂತ ತಾಗಿಸಬೇಡಿ, ಅದರೊಳಗಿನ ಹಳೆಯ ಕಾಂತೀಯ ಗುರುತು ಅಳಿಸಿಹೋಗುತ್ತದೆ. ಅರಿಶಿನ ಕುಂಕುಮ ಹಚ್ಚುವ ಮನಸ್ಸಾದರೂ ತಡೆಯಿರಿ, ದೂರದಿಂದಲೇ ಕೈ ಮುಗಿಯಿರಿ. ಬಿದ್ದ ಜಾಗದ ಫೋಟೋ ತೆಗೆಯಿರಿ, ಹೊತ್ತು ಬರೆದಿಡಿ. ಶುಭ್ರವಾದ ಅಲ್ಯೂಮಿನಿಯಂ ಫಾಯಿಲ್‌ನಿಂದ ಎತ್ತಿ, ಅದರಲ್ಲೇ ಸುತ್ತಿ, ಒಣ ಡಬ್ಬಿಯಲ್ಲಿಡಿ. ಆಮೇಲೆ ಜಿಯಾಲಾಜಿಕಲ್ ಸರ್ವೇ ಆಫ್ ಇಂಡಿಯಾಕ್ಕೆ ತಿಳಿಸಿ. ನಮ್ಮ ದೇಶದಲ್ಲಿ ಬಿದ್ದ ಉಲ್ಕಾಶಿಲೆಗಳನ್ನು ಪರೀಕ್ಷಿಸಿ ಕಾಪಾಡುವ ಹೊಣೆ ಅವರದು. ನಮಸ್ಕಾರ.