ಫಾಲ್ಕೆಯವರ ಬಟಾಣಿ ಗಿಡ

ಕೇಳುಗರಿಗೆ ನಮಸ್ಕಾರ. ಮುಂಬಯಿಯ ಮಾಟುಂಗಾದಲ್ಲಿ ಹೂವು ಕೊಂಡು ದಾದರ್ ಕಡೆ ನಡೆದುಹೋಗುವವರು ನಮ್ಮಲ್ಲಿ ಬಹಳ ಮಂದಿ ಇದ್ದೀರಿ. ದಾದರ್ ಪೂರ್ವದಲ್ಲಿ ದಾದಾಸಾಹೇಬ್ ಫಾಲ್ಕೆ ರಸ್ತೆ ಇದೆ, ಬೋರ್ಡು ನೋಡಿರುತ್ತೀರಿ, ನೋಡಿ ಮುಂದೆ ಹೋಗಿರುತ್ತೀರಿ. ನಮ್ಮ ದೇಶದ ಮೊದಲ ಪೂರ್ಣಪ್ರಮಾಣದ ಕಥಾಚಿತ್ರ, ಫಾಲ್ಕೆಯವರ 'ರಾಜಾ ಹರಿಶ್ಚಂದ್ರ', ತಯಾರಾದದ್ದು ಅಲ್ಲೇ.

ಫಾಲ್ಕೆ ಅಂದ ಕೂಡಲೇ ಜನ ಪುರಾಣ, ಭಕ್ತಿ ಅಂತ ಶುರು ಮಾಡುತ್ತಾರೆ. ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ನಾನು ಮೂವತ್ತು ವರ್ಷ ಫಿಲಂ ಲ್ಯಾಬಿನ ಕತ್ತಲೆ ಕೋಣೆಯಲ್ಲಿ ಕೈ ಒದ್ದೆ ಮಾಡಿಕೊಂಡವನು. ನಾನು ಹೇಳುವುದು ಒಂದೇ: ಆ ಮನುಷ್ಯನಿಗೆ ಕೈಕೆಲಸ ಗೊತ್ತಿತ್ತು. 1870ರಲ್ಲಿ ತ್ರ್ಯಂಬಕೇಶ್ವರದಲ್ಲಿ ಹುಟ್ಟಿದವರು, ಮುಂಬಯಿಯ ಜೆ.ಜೆ. ಕಲಾಶಾಲೆ, ಬರೋಡದ ಕಲಾಭವನ, ಆಮೇಲೆ ಫೋಟೋ ಸ್ಟುಡಿಯೋ, ಕಲ್ಲಚ್ಚು, ರವಿವರ್ಮರ ಪ್ರೆಸ್ಸಿನ ಕೆಲಸ, ಇಷ್ಟೂ ಸಾಲದು ಅಂತ ಜಾದೂ ಕೂಡ ಕಲಿತರು. ಜಾದೂ ಮಾಡುವಾಗ ಹೆಸರು ಪ್ರೊಫೆಸರ್ ಕೆಲ್ಫಾ. ಫಾಲ್ಕೆಯನ್ನು ತಿರುಗಿಸಿ ಓದಿ, ಗೊತ್ತಾಗುತ್ತದೆ.

ಗಿರಗಾಂವ್‌ನಲ್ಲಿ ಏಸುಕ್ರಿಸ್ತನ ಸಿನಿಮಾ ನೋಡಿದರು. ನಮ್ಮ ಕೃಷ್ಣನೂ ಹೀಗೆ ಪರದೆ ಮೇಲೆ ಬರಬೇಕು ಅನ್ನಿಸಿತು. ನಮಗೂ ದಿನಕ್ಕೆ ಹತ್ತು ಅನ್ನಿಸುತ್ತವೆ, ಬಿಡಿ. ಇವರು ವಿಮೆ ಪಾಲಿಸಿ ಅಡವಿಟ್ಟು 1912ರಲ್ಲಿ ಲಂಡನ್ನಿಗೆ ಹೋಗಿ, ಕೆಲಸ ಕಲಿತು, ವಿಲಿಯಮ್ಸನ್ ಕ್ಯಾಮೆರಾ ತಂದರು. ಸಿನಿಮಾ ಮಾಡಲು ದುಡ್ಡು? ಅದಿರಲಿಲ್ಲ. ಸುಮ್ನೆ ಮಾತಾಡಿದರೆ ಯಾರು ಕೊಡುತ್ತಾರೆ? ಅದಕ್ಕೆ ಕುಂಡದಲ್ಲಿ ಒಂದು ಬಟಾಣಿ ಕಾಳು ನೆಟ್ಟರು. ಎದುರಿಗೆ ಕ್ಯಾಮೆರಾ ಇಟ್ಟರು. ದಿನಾ ಸ್ವಲ್ಪ ಸ್ವಲ್ಪ ಚಿತ್ರ ತೆಗೆದರು. ಕಾಳು ಮೊಳೆತು ಗಿಡವಾಗುವುದು ಪರದೆ ಮೇಲೆ ನಿಮಿಷದೊಳಗೆ ನಡೆದುಹೋಯಿತು, ನೋಡಿದವರು ದುಡ್ಡು ಬಿಚ್ಚಿದರು.

ದಿನಕ್ಕೆ ಒಂದೇ ಫ್ರೇಮ್, ಅಂದರೆ ಒಂದೇ ಚಿತ್ರ, ತೆಗೆದರು ಅಂತ ಬರೆಯುತ್ತಾರಲ್ಲ, ಅವರೊಮ್ಮೆ ಲೆಕ್ಕ ಹಾಕಬೇಕು. ಆಗ ಸೆಕೆಂಡಿಗೆ ಸುಮಾರು 16 ಫ್ರೇಮ್. ತಿಂಗಳಿಗೆ 30 ಫ್ರೇಮ್ ತೆಗೆದರೆ ಎರಡು ಸೆಕೆಂಡಿನಲ್ಲಿ ಬಟಾಣಿ ಮುಗಿದುಹೋಗುತ್ತದೆ!

ನಾನೂ ಮಾಡಿ ನೋಡಿದೆ ಸ್ವಾಮೀ. ರಿಟೈರ್ ಆದ ಮೇಲೆ ನಮ್ಮ ಡೊಂಬಿವಲಿಯ ಬಾಲ್ಕನಿಯಲ್ಲಿ ಕುಂಡದಲ್ಲಿ ಹೆಸರುಕಾಳು ಹಾಕಿ, ಹಳೆ ಸ್ಟೂಲಿಗೆ ಮೊಬೈಲ್ ಕಟ್ಟಿ, ಗಂಟೆಗೊಂದು ಫೋಟೋ. ಎಂಟು ದಿನ ಎಲ್ಲ ಚೆನ್ನಾಗಿತ್ತು. ಒಂಬತ್ತನೇ ದಿನ ಬಂದು ನೋಡಿದರೆ ಕುಂಡ ಮೂಲೆಗೆ ಹೋಗಿದೆ. ಯಾಕೆ ಅಂದರೆ ನನ್ನ ಹೆಂಡತಿ, "ರೀ, ಅಲ್ಲಿ ಹಪ್ಪಳ ಒಣಗಬೇಕು" ಅಂದಳು. ಫೋಟೋಗಳನ್ನು ಜೋಡಿಸಿ ಓಡಿಸಿದೆ. ಎಂಟು ದಿನ ಗಂಭೀರವಾಗಿ ಬೆಳೆದ ಗಿಡ ಇದ್ದಕ್ಕಿದ್ದಂತೆ ಕಪ್ಪೆಯ ಹಾಗೆ ಹಾರಿತು. ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಆಗ ಯೋಚನೆ ಬಂತು, ಮಕ್ಕಳಿರುವ ಮನೆಯಲ್ಲಿ ಫಾಲ್ಕೆ ಅಷ್ಟು ದಿನ ಆ ಕುಂಡ ಅಲುಗದಂತೆ ಹೇಗೆ ಕಾದರು? ಬೆಳಕು ದಿನಾ ಒಂದೇ ತರಹ ಹೇಗೆ ಹಿಡಿದರು? ಕೈಕೆಲಸ ಅಂದೆನಲ್ಲ, ಇದೇ.

ಅವರ ಮನೆಯಾಕೆ ಸರಸ್ವತಿಬಾಯಿ ಹಪ್ಪಳ ಒಣಗಿಸಿದರೋ ಇಲ್ಲವೋ, ಕ್ಯಾಮೆರಾದ ಹಲ್ಲು ಹಿಡಿದು ಎಳೆಯಲು ಬೇಕಲ್ಲ, ಫಿಲ್ಮಿಗೆ ಆ ತೂತು ಹೊಡೆಯುತ್ತಿದ್ದರು. ಆಗ ಫಿಲಂ ಬರುತ್ತಿದ್ದದ್ದೇ ತೂತಿಲ್ಲದೆ. ಕತ್ತಲಲ್ಲಿ ಕೂತು ಎರಡೂ ಅಂಚಿಗೆ ಸಮನಾಗಿ ಹೊಡೆಯಬೇಕು. ಕೂದಲೆಳೆಯಷ್ಟು ತಪ್ಪಿದರೂ ಹರಿಶ್ಚಂದ್ರ ಪರದೆ ಮೇಲೆ ಕುಣಿಯುತ್ತಾನೆ. ಜೊತೆಗೆ ಇಡೀ ತಂಡಕ್ಕೆ ಅಡುಗೆ ಬೇರೆ! ಫಾಲ್ಕೆ ಹೆಸರಿನಲ್ಲಿ ಕೊಡುವ ಸಿನಿಮಾ ಪ್ರಶಸ್ತಿಗೆ ಇವರ ಹೆಸರೂ ಸೇರಿಸಬಹುದಿತ್ತು, ಯಾರೂ ಕೇಳಲಿಲ್ಲ.

ಹೋಟೆಲಿನವರು ಇದನ್ನು ಕೇಳಿ. ಹರಿಶ್ಚಂದ್ರನ ಹೆಂಡತಿ ತಾರಾಮತಿಯ ಪಾತ್ರ ಮಾಡಲು ಹೆಂಗಸರು ಯಾರೂ ಒಪ್ಪಲಿಲ್ಲ. ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದ ಸಾಳುಂಕೆ ಅನ್ನುವ ಹುಡುಗನ ತೆಳ್ಳಗಿನ ಬೆರಳು ಕಣ್ಣಿಗೆ ಬಿದ್ದವು, ಅವನಿಗೇ ಸೀರೆ ಉಡಿಸಿದರು. ಯಕ್ಷಗಾನದ ಸ್ತ್ರೀವೇಷ ನೋಡಿದ ನಮಗೆ ಇದೇನೂ ಹೊಸದಲ್ಲ, ಅಲ್ವಾ? 1917ರ 'ಲಂಕಾ ದಹನ'ದಲ್ಲಿ ರಾಮನೂ ಅವನೇ, ಸೀತೆಯೂ ಅವನೇ.

'ರಾಜಾ ಹರಿಶ್ಚಂದ್ರ' 1913ರ ಮೇ 3ರಂದು ಗಿರಗಾಂವ್‌ನ ಕಾರೊನೇಷನ್ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಬಟಾಣಿ ಜಾಸ್ತಿ ಆಯಿತು ಅಂತ ಕಾಣುತ್ತದೆ. ಬೇಗ ಹೇಳಿಬಿಡುತ್ತೇನೆ. 1919ರ 'ಕಾಳಿಯ ಮರ್ದನ'ದಲ್ಲಿ ಕೃಷ್ಣ ಆದವಳು ಅವರ ಮಗಳು ಮಂದಾಕಿನಿ. ಟಾಕಿ, ಅಂದರೆ ಮಾತಾಡುವ ಸಿನಿಮಾ, ಬಂದ ಮೇಲೆ ಅವರ ಕಾಲ ಮುಗಿಯಿತು, 1937ರ 'ಗಂಗಾವತರಣ'ವೇ ಕೊನೆಯದು, 1944ರಲ್ಲಿ ನಾಸಿಕದಲ್ಲಿ ತೀರಿಕೊಂಡರು. ಆದರೆ ಪುರಾಣದ ದಾರಿ ನಿಲ್ಲಲಿಲ್ಲ. ನಮ್ಮ ಮೊದಲ ಕನ್ನಡ ಟಾಕಿ, 1934ರ 'ಸತಿ ಸುಲೋಚನಾ', ರಾಮಾಯಣದ್ದೇ ಕಥೆ, ಶೂಟಿಂಗ್ ನಡೆದದ್ದು ಕೊಲ್ಹಾಪುರದಲ್ಲಿ. ಫಾಲ್ಕೆ ಹೆಸರಿನ ಪ್ರಶಸ್ತಿ 1995ರ ಸಾಲಿಗೆ ನಮ್ಮ ಡಾ. ರಾಜ್‌ಕುಮಾರ್‌ಗೆ ಬಂತು. ಹನುಮಂತನನ್ನು ಪರದೆ ಮೇಲೆ ಹಾರಿಸುವ ಕೈಕೆಲಸ ಹೇಗೆ ಅಂತ ಹೇಳಬೇಕೆಂದು ಒಂದು ಹಾಳೆ ತುಂಬ ಬರೆದುಕೊಂಡು ಬಂದಿದ್ದೆ, ಅದು ಜೇಬಿನಲ್ಲೇ ಉಳಿಯಿತು. ನಮಸ್ಕಾರ.